ಎಲೆ ಗುಮಾಸ್ತ

ಉದ್ಯಾನ ಸಿಕ್ಕಿ ಕೆಲಸಕ್ಕೆ ತಡವಾದರೆ ಅದನ್ನು ತಡ ಎನ್ನುವಂತಿಲ್ಲ. ಇದು ನಮ್ಮೂರಿನ ಹಳೆಯ ಕಾನೂನು. ಬಿಸಿಲಿರುವ ಬೆಳಿಗ್ಗೆ, ಎಂಟರಿಂದ ಒಂಬತ್ತರೊಳಗೆ, ಊರಿನ ಯಾವುದಾದರೂ ಒಂದು ಬೀದಿಗೆ ಅದು ಬಂದು ನಿಲ್ಲುತ್ತದೆ. ನಿನ್ನೆ ಹಾಲಿನ ಡಿಪೋ ಎದುರು ಇದ್ದದ್ದು ಇವತ್ತು ಕೋರ್ಟಿನ ಹಿಂದಿನ ಓಣಿಯಲ್ಲಿ. ಆ ಹೊತ್ತಿಗೆ ಅಲ್ಲಿ ನಡೆದು ಹೋಗುತ್ತಿದ್ದವರು ಅದರೊಳಗೆ ಹಾದೇ ಹೋಗಬೇಕು. ಬಳಸಿ ಹೋಗಲು ದಾರಿಯಿರುವುದಿಲ್ಲ. ಓಡಿದರೂ ಅಷ್ಟೇ, ತೆವಳಿದರೂ ಅಷ್ಟೇ, ಆಚೆ ಬದಿಗೆ ಬರುವಾಗ ಅರ್ಧ ಗಂಟೆ ಕಳೆದಿರುತ್ತದೆ. ಆದ್ದರಿಂದ ಯಾರೂ ಓಡುವುದಿಲ್ಲ. ಬಸ್ಸಿಗೆ ಸಿಕ್ಕರೆ ಕಂಡಕ್ಟರು "ಇಳೀರಿ ಇಳೀರಿ, ಪಾರ್ಕು ಸಿಕ್ತು" ಎಂದು ಎಲ್ಲರನ್ನೂ ಇಳಿಸಿ, ತಾನೂ ಚೀಲ ಹೆಗಲಿಗೇರಿಸಿಕೊಂಡು ನಡೆಯುತ್ತಾನೆ. ಶಾಲೆಗಳಲ್ಲಿ ಹಾಜರಿ ಕೂಗುವುದು ಎರಡನೆಯ ಪೀರಿಯಡ್ಡಿನಲ್ಲಿ. ಮೊದಲನೆಯದರಲ್ಲಿ ಯಾವ ಮೇಷ್ಟ್ರೂ ಹೊಸ ಪಾಠ ಶುರು ಮಾಡುವುದಿಲ್ಲ.

ಸಾಕ್ಷಿಗೆ ಒಂದು ಎಲೆ ತರಬೇಕು. ಕಿತ್ತದ್ದಲ್ಲ, ಉದುರಿದ್ದು. ಒಬ್ಬರಿಗೆ ಒಂದೇ. ಅದನ್ನು ಪರೀಕ್ಷಿಸಿ, ಇದು ನಿಜ ಅಥವಾ ಸುಳ್ಳು ಎಂದು ಪುಸ್ತಕದಲ್ಲಿ ಬರೆಯಲು ಪ್ರತಿ ಕಚೇರಿಯಲ್ಲೂ ಪ್ರತಿ ಕಾರ್ಖಾನೆಯಲ್ಲೂ ಒಬ್ಬ ಗುಮಾಸ್ತನಿರುತ್ತಾನೆ. ಸೈಕಲ್ ಬೆಲ್ಲಿನ ಕಾರ್ಖಾನೆಯಲ್ಲಿ ಆ ಗುಮಾಸ್ತ ನಾನು. ತತ್ತ್ವಶಾಸ್ತ್ರದಲ್ಲಿ ಎಂ.ಎ. ಮುಗಿಸಿ ಎರಡು ವರ್ಷ ಸುಮ್ಮನೆ ಕುಳಿತವನನ್ನು ಸಂದರ್ಶನಕ್ಕೆ ಕರೆದಾಗ ಮ್ಯಾನೇಜರ್ ವರದರಾಜು ಅವರು ಕೇಳಿದ್ದು ಒಂದೇ ಪ್ರಶ್ನೆ: "ಕಿವಿ ಚೆನ್ನಾಗಿದೆಯೇನ್ರೀ?"

ಬೇಕಾಗಿದ್ದದ್ದು ಕಿವಿಯೇ. ಉದ್ಯಾನದೊಳಗೆ ಯಾವ ಸದ್ದೂ ಇರುವುದಿಲ್ಲವಂತೆ. ಕೂಗಿದರೂ ಕೇಳಿಸುವುದಿಲ್ಲವಂತೆ. ಅಲ್ಲಿಂದ ತಂದ ಎಲೆ ಆ ಮೌನವನ್ನು ಮಧ್ಯಾಹ್ನದ ಊಟದ ಹೊತ್ತಿನವರೆಗೆ ತನ್ನಲ್ಲಿ ಉಳಿಸಿಕೊಂಡಿರುತ್ತದೆ. ನನ್ನ ಮೇಜಿನ ಹಿಂದಿನ ಗೋಡೆಯ ಆಚೆಗೇ ಪರೀಕ್ಷೆ ಹಾಲು. ಅಲ್ಲಿ ನಲವತ್ತು ಹೆಂಗಸರು ಸಾಲಾಗಿ ಕುಳಿತು, ತಟ್ಟೆಯಲ್ಲಿ ಬಂದ ಪ್ರತಿಯೊಂದು ಬೆಲ್ಲನ್ನೂ ಬಾರಿಸಿ ನೋಡುತ್ತಾರೆ. ಬೆಳಿಗ್ಗೆ ಎಂಟೂವರೆಯಿಂದ ಸಂಜೆ ಐದರವರೆಗೆ ಆ ಗದ್ದಲ ನಿಲ್ಲುವುದಿಲ್ಲ. ನಿಜವಾದ ಎಲೆಯನ್ನು ಕಿವಿಗೆ ಒತ್ತಿಕೊಂಡರೆ ಅಷ್ಟೂ ಗದ್ದಲ ಅಂಗಳದಿಂದ ದನ ಹೊರಟುಹೋದ ಹಾಗೆ ಹೋಗಿಬಿಡುತ್ತದೆ. ಬೆರಳಿನಿಂದ ಕಿವಿ ಮುಚ್ಚಿಕೊಂಡಂತಲ್ಲ ಅದು. ಹಾಗೆ ಮುಚ್ಚಿದರೆ ನಮ್ಮ ರಕ್ತದ ಸದ್ದಾದರೂ ಕೇಳುತ್ತದೆ. ಇದರಲ್ಲಿ ಅದೂ ಇಲ್ಲ. ಸುಳ್ಳು ಎಲೆಗೆ ಈ ಗುಣವಿಲ್ಲ. ನಿದ್ದೆ ಮಾಡಿ ತಡವಾದವರು ದಾರಿಬದಿಯ ಹೊಂಗೆ ಎಲೆ ತಂದು ಕೊಟ್ಟು ಮುಖ ಗಂಟು ಹಾಕಿಕೊಂಡು ನಿಲ್ಲುತ್ತಾರೆ. ನಾನು ಕಿವಿಗಿಟ್ಟು ತಲೆಯಾಡಿಸಿದರೆ ನಾಲಿಗೆ ಕಚ್ಚಿಕೊಂಡು ಎಲೆ ವಾಪಸ್ಸು ತೆಗೆದುಕೊಳ್ಳುತ್ತಾರೆ. ಸುಳ್ಳು ಎಂದು ಪುಸ್ತಕಕ್ಕೆ ಏರಿದರೆ ಕೆಲಸವೇ ಹೋಗುತ್ತದೆ.

ಪರೀಕ್ಷೆಗೆ ಮೂರು ಎಣಿಸುವಷ್ಟು ಹೊತ್ತು ಸಾಕು. ನಾನು ಹತ್ತರವರೆಗೆ ಎಣಿಸುತ್ತಿದ್ದೆ. ಒಮ್ಮೊಮ್ಮೆ ಇಪ್ಪತ್ತರವರೆಗೂ.

ಏಕೆಂದರೆ ಉದ್ಯಾನ ನನಗೆ ಒಮ್ಮೆಯೂ ಸಿಕ್ಕಿರಲಿಲ್ಲ. ಊರಿನ ಸಾಮಾನ್ಯ ಮನುಷ್ಯನಿಗೆ ವರ್ಷಕ್ಕೆ ಎರಡು ಸಲವೋ ಮೂರು ಸಲವೋ ಸಿಗುತ್ತದೆ. ನನಗೆ ಮೂವತ್ತು ತುಂಬಿತ್ತು. ಬಿಸಿಲು ಬಿದ್ದ ದಿನ ಏಳೂವರೆಗೇ ಕೋಣೆಗೆ ಬೀಗ ಹಾಕಿ, ಒಂದು ದಿನ ಈ ಬೀದಿ ಒಂದು ದಿನ ಆ ಬೀದಿ ಎಂದು ಸುತ್ತುತ್ತಿದ್ದೆ. ಎರಡು ಸಲ ಬಾಡಿಗೆ ಕೋಣೆ ಬದಲಿಸಿದೆ. ಎದುರಿಗೆ ಬರುವವರ ಕೈಯಲ್ಲಿ ಎಲೆ ಕಂಡರೆ "ಎಲ್ಲಿ? ಯಾವ ಬೀದಿ?" ಎಂದು ಕೇಳಿ ಓಡುತ್ತಿದ್ದೆ. ಅಲ್ಲಿ ಬರೀ ಡಾಂಬರು ರಸ್ತೆ, ಸೊಪ್ಪಿನ ಗಾಡಿ. ಗೇಟಿನ ಕಾವಲುಗಾರ ದಸ್ತಗೀರ್ ಸಾಬರಿಗೆ ನಾನು ದಿನನಿತ್ಯದ ತಮಾಷೆಯಾಗಿದ್ದೆ. "ಏನ್ ಎಲೆ ಸಾರ್, ಇವತ್ತೂ ಕೈ ಖಾಲಿಯಾ? ಊರಿಗೆಲ್ಲ ಮದುವೆ ಮಾಡ್ಸೋ ಪುರೋಹಿತ್ರು ನೀವು, ನಿಮ್ಗೇ ಹೆಣ್ಣು ಸಿಗ್ಲಿಲ್ವಲ್ಲ!" ನಾನು ನಕ್ಕು ಒಳಗೆ ಹೋಗುತ್ತಿದ್ದೆ. ನಗು ಮೇಜಿನವರೆಗೆ ಬರುತ್ತಿರಲಿಲ್ಲ.

ಹೀಗಿರುವಾಗ ಚಿಕ್ಕತಾಯಮ್ಮ ಎಲೆ ತರಲು ಶುರು ಮಾಡಿದರು.

ಪರೀಕ್ಷೆ ಹಾಲಿನಲ್ಲಿ ಇಪ್ಪತ್ತೆರಡು ವರ್ಷದಿಂದ ಬೆಲ್ಲು ಬಾರಿಸುತ್ತಿದ್ದ ಹೆಂಗಸು. ಐವತ್ತರ ಆಸುಪಾಸು, ಗಿಡ್ಡ ಆಳು, ಮಾತು ಜೋರು. ಗಂಡ ಇಲ್ಲ, ಕೆಲಸ ಒಂದೇ ಆಸರೆ. ಮೊದಲನೆಯ ದಿನ ಎಲೆ ಮೇಜಿನ ಮೇಲಿಟ್ಟಾಗ "ಒಳ್ಳೇದಾಯ್ತು" ಎಂದೆ. ಎರಡನೆಯ ದಿನ ಮತ್ತೆ ತಂದಾಗ "ಅದೃಷ್ಟ" ಎಂದೆ. ಮೂರನೆಯ ದಿನ ಎಲೆಯನ್ನು ಎರಡು ಸಲ ಕಿವಿಗಿಟ್ಟು ನೋಡಿದೆ. ಐದನೆಯ ದಿನದ ಹೊತ್ತಿಗೆ ಪರೀಕ್ಷೆ ಹಾಲಿನಲ್ಲಿ ಗುಸುಗುಸು ಎದ್ದಿತ್ತು. ದಿನಾ ಅರ್ಧ ಗಂಟೆ ಅವರ ತಟ್ಟೆಯ ಬೆಲ್ಲುಗಳನ್ನು ಪಕ್ಕದ ಸೀಟಿನ ಲೋಕಮ್ಮ ಬಾರಿಸಬೇಕಾಗುತ್ತಿತ್ತು. "ಪಾರ್ಕಲ್ಲಿ ಅವಳು ಗಾಳಿ ಕುಡೀತಾಳೆ, ಇಲ್ಲಿ ನನ್ನ ಬೆರಳಿಗೆ ಬೊಬ್ಬೆ ಬರ್ತದೆ" ಎಂದು ಲೋಕಮ್ಮ ನನ್ನ ಮೇಜಿಗೇ ಬಂದು ಹೇಳಿಹೋದರು. ಒಂಬತ್ತು ದಿನ ಬಿಸಿಲಿತ್ತು. ಒಂಬತ್ತು ಎಲೆ ಬಂದವು. ದಿನಕ್ಕೊಂದು ಆಕಾರ: ಒಂದು ಅಂಗೈಯಗಲ, ಒಂದು ಹುಣಸೆಯಷ್ಟು ಸಣ್ಣದು. ಒಂಬತ್ತೂ ನಿಜ. ನನ್ನ ಕಿವಿ ಅದಕ್ಕೆ ಸಾಕ್ಷಿ.

ಹತ್ತನೆಯ ದಿನ ವರದರಾಜು ಅವರೇ ನನ್ನ ಮೇಜಿನ ಬಳಿ ಕುರ್ಚಿ ಹಾಕಿಸಿಕೊಂಡು ಕುಳಿತಿದ್ದರು. ಒಂಬತ್ತಕ್ಕೆ ಚಿಕ್ಕತಾಯಮ್ಮ ಬಂದರು. ಕೈಯಲ್ಲಿ ಎಲೆ.

"ಏನಮ್ಮ, ಪಾರ್ಕು ಏನು ನಿಮ್ಮ ಮನೆ ಕರುವಾ, ದಿನಾ ಹಿಂದೆ ಬರೋಕೆ?"

"ನಾನೇನ್ ಮಾಡ್ಲಿ ಸಾಮಿ. ಹುಲ್ಲು ಹಾಕಿ ಸಾಕಿಲ್ಲ. ಅದೇ ಬತ್ತದೆ."

"ನನಗೆ ಈ ವರ್ಷ ಒಂದು ಸಲ ಸಿಕ್ಕಿದೆ. ನಮ್ಮ ಹೆಂಡತಿಗೆ ಎರಡು. ನಿಮಗೆ ಹತ್ತು! ಅದೂ ಸಾಲಾಗಿ!" ಅವರು ನನ್ನ ಕಡೆ ತಿರುಗಿದರು. "ಸೋಮಸುಂದರ, ನೋಡ್ರೀ. ಸರಿಯಾಗಿ ನೋಡಿ ಹೇಳಿ."

ನಾನು ಎಲೆಯನ್ನು ಕಿವಿಗೆ ಒತ್ತಿದೆ. ಅದುವರೆಗೆ ನನ್ನ ಕೈಗೆ ಬಂದ ಎಲೆಗಳಲ್ಲೆಲ್ಲ ಅಷ್ಟು ತುಂಬಿದ ಮೌನ ಇನ್ನೊಂದರಲ್ಲಿ ಇರಲಿಲ್ಲ. ಮ್ಯಾನೇಜರರ ತುಟಿ ಅಲ್ಲಾಡುತ್ತಿತ್ತು, ಮಾತಿರಲಿಲ್ಲ. ಗೋಡೆಯಾಚೆ ನಲವತ್ತು ಬೆಲ್ಲುಗಳಿರಲಿಲ್ಲ. ಎದುರಿಗೆ ಚಿಕ್ಕತಾಯಮ್ಮ ನಿಂತಿದ್ದರು, ಕಾಲಲ್ಲಿ ಒಣಗಿದ ಹುಲ್ಲಿನ ಎಸಳು ಅಂಟಿತ್ತು. ಅದನ್ನು ನೋಡಿದೆ. ಆ ಒಂದು ಎಸಳನ್ನು ನೋಡುತ್ತ ನನ್ನೊಳಗೆ ಏನೋ ಹುಳಿತುಹೋಯಿತು. ಮೂವತ್ತು ವರ್ಷ ಕಾದವನು ನಾನು. ಮೌನವೆಂದರೇನೆಂದು ಯೋಚಿಸಿದವನು ನಾನು. ಇವರಿಗೆ ಏಕೆ?

ಎಲೆಯನ್ನು ಕೆಳಗಿಟ್ಟು "ಸುಳ್ಳು" ಎಂದೆ. ಪುಸ್ತಕದಲ್ಲೂ ಹಾಗೆಯೇ ಬರೆದೆ.

ಚಿಕ್ಕತಾಯಮ್ಮ ನನ್ನ ಮುಖ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಅವರು ಬಗ್ಗಿ, ಜೋರು ಧ್ವನಿಯನ್ನು ಆದಷ್ಟು ತಗ್ಗಿಸಿ, "ಎಲೆ ಸಾರ್, ನಿಮ್ಮ ಕಿವಿಗೆ ಏನಾರ ಆಯ್ತಾ?" ಎಂದು ಕೇಳಿದರು.

"ಕಿವಿ ಸರಿಯಾಗೇ ಇದೆ."

"ಇಲ್ಲ, ಇಲ್ಲಿ ಕುಂತು ಕುಂತು ನನ್ನಂಗೇ ಆಗಿರ್ತದೆ. ನನ್ ಕಿವೀಲಿ ಒಂದು ಬೆಲ್ಲು ಯಾವಾಗ್ಲೂ ಬಡ್ಕೋತಾ ಇರ್ತದೆ. ಮನೇಲೂ, ನಿದ್ದೇಲೂ. ಆರು ವರ್ಸ ಆಯ್ತು. ಮೊದಮೊದ್ಲು ನಂಗೂ ಗೊತ್ತಾಗ್ಲಿಲ್ಲ. ಡಾಕ್ಟ್ರಿಗೆ ತೋರ್ಸಿ ಸಾರ್, ವಯಸ್ಸಿನ್ನೂ ಚಿಕ್ದು."

ನಾನು ಸುಳ್ಳು ಹೇಳಿರಬಹುದು ಎಂದು ಅವರಿಗೆ ಹೊಳೆಯಲೇ ಇಲ್ಲ. ಎಲೆ ಗುಮಾಸ್ತನ ಕಿವಿ ಕೆಡಬಹುದು, ಬಾಯಿ ಕೆಡುವುದುಂಟೇ?

ಮ್ಯಾನೇಜರರು ಎದ್ದು ನಿಂತರು. "ಸುಳ್ಳು ಎಲೆ ತಂದೋರಿಗೆ ಇಲ್ಲಿ ಕೆಲಸ ಇಲ್ಲಮ್ಮ. ನಿಯಮ ನಿಮಗೂ ಗೊತ್ತು."

"ಗೊತ್ತು ಸಾಮಿ. ಆದ್ರೆ ಅವರ ಕಿವಿ ಕೆಟ್ಟದೆ. ನಾಳೀಕೆ ಅವರ್ನೇ ನನ್ ಜೊತೆ ಕಳ್ಸಿ. ಮನೆಯಿಂದ ಇಲ್ಲೀಗಂಟ ನಡ್ಕಂಡು ಬರ್ಲಿ. ಕಿವಿ ಬ್ಯಾಡ, ಕಣ್ಣಲ್ಲೇ ನೋಡ್ಲಿ."

ವರದರಾಜು ಅವರಿಗೆ ಇದು ಹಿಡಿಸಿತು. ಪಂದ್ಯ ಯಾವುದೇ ಇರಲಿ, ಅವರಿಗೆ ಹಿಡಿಸುತ್ತದೆ. "ಆಯ್ತು. ನಾನೇ ಗೇಟಲ್ಲಿ ನಿಂತಿರ್ತೀನಿ. ಎಂಟೂವರೆ ಸೈರನ್ನಿಗೆ ಮುಂಚೆ ನೀವಿಬ್ಬರೂ ಬಂದ್ರಿ ಅಂದ್ರೆ ಪಾರ್ಕು ಬರಲಿಲ್ಲ ಅಂತ. ಆಗ ಹತ್ತೂ ಸುಳ್ಳು. ಗೇಟಿಂದಲೇ ವಾಪಸ್ಸು ಮನೆಗೆ."

"ಪಾರ್ಕು ಬಂದ್ರೆ?"

"ಬಂದ್ರೆ ಕೆಲಸ ನಿಮ್ಮದು. ನಿವೃತ್ತಿ ಆಗೋವರೆಗೂ ಯಾರೂ ಪ್ರಶ್ನೆ ಕೇಳಲ್ಲ."

ಆಗಲೇ ಬಾಯಿ ಬಿಡಬಹುದಿತ್ತು. ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಬಿಡಲಿಲ್ಲ. ಹೆದರಿಕೆ ಒಂದು ಕಾರಣ. ಇನ್ನೊಂದು ಅದಕ್ಕಿಂತ ಕೀಳು: ಇವರ ಬೆನ್ನ ಹಿಂದೆ ನಡೆದರೆ ನಾಳೆ ನನಗೂ ಸಿಕ್ಕೀತು ಎಂಬ ಆಸೆ.

ಮರುದಿನ ಆಕಾಶದಲ್ಲಿ ಒಂದು ಚೂರು ಮೋಡವಿರಲಿಲ್ಲ. ಹಗ್ಗದ ಓಣಿಯ ಅವರ ಮನೆಯ ಮುಂದೆ ಏಳೂಮುಕ್ಕಾಲಿಗೆ ಹೋಗಿ ನಿಂತೆ. ಚಿಕ್ಕತಾಯಮ್ಮ ಕದ ಎಳೆದು, ಬುತ್ತಿಯ ಚೀಲ ಹಿಡಿದು ಹೊರಬಂದರು. ಒಂದು ಬಾಳೆಹಣ್ಣು ನನ್ನ ಕೈಗಿಟ್ಟು "ತಿಂಡಿ ತಿಂದಿರಾಕಿಲ್ಲ ನೀವು, ಮುಖ ನೋಡಿದ್ರೇ ಗೊತ್ತಾಗ್ತದೆ" ಎಂದರು. ಅವರ ಮುಖ ನೋಡದೆ ತಿಂದು ಮುಗಿಸಿದೆ.

ಓಣಿಯ ತಿರುವಿನಲ್ಲಿ ಹೂ ಕಟ್ಟುತ್ತಿದ್ದ ಮುದುಕಿಯೊಬ್ಬಳು ಕೂಗಿದಳು: "ಏನ್ ತಾಯಮ್ಮ, ಜೊತೇಲಿ ಪೋಲೀಸಾ?"

"ಪೋಲೀಸಲ್ಲ ಕಣಕ್ಕ, ನಮ್ಮ ಎಲೆ ಸಾರು. ಪಾರ್ಕು ತೋರ್ಸಕ್ಕೆ ಕರ್ಕಂಡು ಹೋಯ್ತಾ ಇದೀನಿ."

"ಅಯ್ಯೋ, ಬೀಗರನ್ನ ಕರ್ಕಂಡು ಹೋದಂಗೆ ಹೋಯ್ತಾ ಇದೀಯ!"

ನಡೆದೆವು. ಬಿಸಿಲು ಓಣಿಯ ಒಂದು ಬದಿಗೆ ಮಾತ್ರ ಬಿದ್ದಿತ್ತು. ಚಿಕ್ಕತಾಯಮ್ಮ ಆ ಬದಿಯನ್ನೇ ಹಿಡಿದು ನಿಧಾನ ಹೋಗುತ್ತಿದ್ದರು. ನಾನು ಅವರಿಗಿಂತ ಎರಡು ಹೆಜ್ಜೆ ಮುಂದಿದ್ದೆ. ಪ್ರತಿ ತಿರುವಿನಲ್ಲೂ ಕತ್ತು ಚಾಚಿ ನೋಡುತ್ತಿದ್ದೆ. ಹಳೇ ಪೋಸ್ಟಾಫೀಸು ಬಂತು. ಹಾಯ್ದು ಹೋಯಿತು. ಗಾಣದ ಬೀದಿ ಬಂತು, ಎಣ್ಣೆಯ ಘಮ, ಹಿಂಡಿಯ ಮೂಟೆ, ಅಷ್ಟೇ. "ಸಾಮಾನ್ಯವಾಗಿ ಎಲ್ಲಿ ಸಿಗುತ್ತೆ?" ಎಂದು ಕೇಳಿದೆ.

"ಎಲ್ಲಿ ಅಂತ ಏನಿಲ್ಲ. ಒಂದಿನ ಇಲ್ಲಿ, ಒಂದಿನ ಅಲ್ಲಿ. ನಾನ್ ಏನೋ ಯೋಚ್ನೆ ಮಾಡ್ಕಂಡು ಬತ್ತಾ ಇರ್ತೀನಿ. ಕಿವೀಲಿ ಬೆಲ್ಲು ನಿಂತೋಯ್ತದೆ. ಆಮ್ಯಾಕೆ ನೋಡಿದ್ರೆ ಮರ."

"ಏನು ಯೋಚನೆ?"

"ಏನ್ ದೊಡ್ಡ ಯೋಚ್ನೆ ಸಾರ್. ಹುರುಳಿ ನೆನ್ಸಾಕಿದ್ನಾ ಇಲ್ವಾ ಅಂತ." ಅವರು ನಕ್ಕರು. ಆಮೇಲೆ ನನ್ನ ಕಡೆ ಬೆರಳು ತೋರಿಸಿ, "ನೀವ್ ಹಿಂಗೆ ಬೆಕ್ಕು ಇಲಿ ಬಿಲ ಕಾದಂಗೆ ಕಾದ್ರೆ ಯಾವ್ದು ಬತ್ತದೆ? ಅದೂ ಹೆದರ್ಕತದೆ" ಎಂದರು.

ಆಗ ನನಗೆ ದಿಗಿಲಾಯಿತು. ನನ್ನಿಂದಾಗಿಯೇ ಅದು ಬರುತ್ತಿಲ್ಲ. ಮೂವತ್ತು ವರ್ಷ ಹೀಗೆಯೇ ಅದನ್ನು ಓಡಿಸುತ್ತ ಬಂದಿದ್ದೇನೆ, ಇವತ್ತು ಇವರ ಪಾಲಿನದನ್ನೂ ಓಡಿಸುತ್ತಿದ್ದೇನೆ. ನೆಲ ನೋಡುತ್ತ ನಡೆಯಲು ಪ್ರಯತ್ನಿಸಿದೆ. ಕಾಯದವನ ಹಾಗೆ ನಟಿಸುತ್ತ ಕಾಯುವುದು ಬಹಿರಂಗವಾಗಿ ಕಾಯುವುದಕ್ಕಿಂತ ದೊಡ್ಡ ಗದ್ದಲ. ನನ್ನ ತಲೆಯೊಳಗೆ ನಲವತ್ತಲ್ಲ, ನಾನೂರು ಬೆಲ್ಲುಗಳಿದ್ದವು.

ಕಾರ್ಖಾನೆಯ ರಸ್ತೆಗೆ ತಿರುಗಿದಾಗ ಗೇಟಿನ ಮೇಲಿನ ಗಡಿಯಾರದಲ್ಲಿ ಎಂಟೂ ಇಪ್ಪತ್ತಾರು. ರಸ್ತೆ ನೆಟ್ಟಗೆ, ಬೋಳಾಗಿ, ಬಿಸಿಲಿನಲ್ಲಿ ಮಲಗಿತ್ತು. ಇನ್ನೂರು ಹೆಜ್ಜೆ ಉಳಿದಿತ್ತು. ಗೇಟಿನ ಮುಂದೆ ಪರೀಕ್ಷೆ ಹಾಲಿನ ಹೆಂಗಸರೆಲ್ಲ ಬುತ್ತಿ ಚೀಲಗಳ ಸಮೇತ ನೆರೆದಿದ್ದರು. ಪಂದ್ಯದ ಸುದ್ದಿ ಹಬ್ಬಿ ಯಾರೂ ಒಳಗೆ ಹೋಗಿರಲಿಲ್ಲ. ನಡುವೆ ವರದರಾಜು ಅವರು ಕೈಗಡಿಯಾರ ನೋಡುತ್ತಿದ್ದರು. ಸೈರನ್ನಿನ ಗುಂಡಿಯ ಬಳಿ ಇರಬೇಕಾದ ದಸ್ತಗೀರ್ ಸಾಬರೂ ಅಲ್ಲೇ ಇದ್ದರು. ಲೋಕಮ್ಮ ಸೆರಗು ಬಾಯಿಗೆ ಹಿಡಿದು ನಿಂತಿದ್ದರು.

"ಮೂರು ನಿಮಿಷ!" ಎಂದು ಮ್ಯಾನೇಜರರು ಅಲ್ಲಿಂದಲೇ ಕೂಗಿದರು.

ಚಿಕ್ಕತಾಯಮ್ಮ ಒಂದು ಕ್ಷಣ ನಿಂತರು. ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿಕೊಂಡರು. "ಬುಡಿ ಸಾರ್. ಇಪ್ಪತ್ತೆರಡು ವರ್ಸ ಬಾರ್ಸಿದ್ದಾಯ್ತು. ಇಲ್ದಿದ್ರೆ ಹೂ ಕಟ್ತೀನಿ" ಎಂದು ಹೇಳಿ, ತಲೆ ಎತ್ತಿಕೊಂಡು, ಗೇಟಿನ ಕಡೆಗೆ ನೇರ ನಡೆಯತೊಡಗಿದರು. ಹಿಂದಿನಿಂದ ಕಂಡದ್ದು ಅವರ ಒಡೆದ ಹಿಮ್ಮಡಿ. ಬೇಗ ಹೋಗುವ ಕಾಲಲ್ಲ ಅದು. ಆದರೂ ಈಗ ಬೇಗ ಬೇಗ ಹೋಗುತ್ತಿತ್ತು, ಯಾರಿಗೂ ಕರುಣೆ ತೋರಿಸುವ ಅವಕಾಶ ಕೊಡಬಾರದೆಂಬ ಹಾಗೆ.

ಉದ್ಯಾನ ಬರಲಿ, ಬಿಡಲಿ. ಅದು ನನ್ನ ತಲೆಯಿಂದ ಪೂರ್ತಿ ಹೊರಟುಹೋಯಿತು. ನಾನು ಓಡಿ ಅವರ ಪಕ್ಕಕ್ಕೆ ಬಂದೆ.

"ಚಿಕ್ಕತಾಯಮ್ಮ, ನಿಲ್ಲಿ. ನಿನ್ನೆ ನೀವು ತಂದಿದ್ದ ಎಲೆ ಇದೆಯಲ್ಲ. ನನ್ನ ಕಿವಿಗೆ ಏನೂ ಆಗಿಲ್ಲ. ನಾನು ಬೇಕು ಅಂತಲೇ"

ಮುಂದಿನ ಮಾತುಗಳನ್ನು ಆಡಿದೆ. ನಾಲಿಗೆ ಹೊರಳಿತು, ಗಂಟಲು ನಡುಗಿತು, ಮಾತು ಮಾತ್ರ ಇರಲಿಲ್ಲ. ನನ್ನ ಚಪ್ಪಲಿಯ ಸದ್ದೂ ಇರಲಿಲ್ಲ. ಚಿಕ್ಕತಾಯಮ್ಮ ನಿಂತುಬಿಟ್ಟಿದ್ದರು. ನಿಧಾನವಾಗಿ ಎರಡೂ ಕೈ ಎತ್ತಿ ಕಿವಿ ಮುಟ್ಟಿಕೊಂಡರು. ನಾನು ತಲೆ ಎತ್ತಿದೆ. ಮರ.

ಉಪ್ಪಿನ ಹರಳು ನೆಕ್ಕಿ ಸಮುದ್ರ ಗೊತ್ತು ಎನ್ನುವವನ ಹಾಗೆ ನಾಲ್ಕು ವರ್ಷ ಎಲೆ ಕಿವಿಗಿಟ್ಟುಕೊಂಡಿದ್ದೆ. ಇದು ಬೇರೆಯೇ. ಎತ್ತರದ ಕೊಂಬೆಗಳ ನಡುವಿನಿಂದ ಬಿಸಿಲು ಹುಲ್ಲಿನ ಮೇಲೆ ಅಗಲ ಅಗಲ ತಟ್ಟೆಗಳ ಹಾಗೆ ಬಿದ್ದಿತ್ತು. ಗಾಳಿ ಬೀಸಿದಾಗ ತಟ್ಟೆಗಳೆಲ್ಲ ಒಟ್ಟಿಗೆ ಸರಿದಾಡುತ್ತಿದ್ದವು. ಕಲ್ಲಿನ ತೊಟ್ಟಿಗೆ ನೀರು ಸದ್ದಿಲ್ಲದೆ ಬೀಳುತ್ತಿತ್ತು, ಬಿದ್ದಲ್ಲಿ ನೊರೆಯೇಳುತ್ತಿತ್ತು. ಒಂದು ಕಂದು ನಾಯಿ ಹುಲ್ಲಲ್ಲಿ ಬೆನ್ನು ಉಜ್ಜಿಕೊಳ್ಳುತ್ತ ನಾಲ್ಕೂ ಕಾಲನ್ನು ಆಕಾಶಕ್ಕೆ ಎತ್ತಿತ್ತು. ನನ್ನ ಬೆನ್ನ ಮೇಲೆ ಬಿಸಿಲು ಕೈಯಿಟ್ಟ ಹಾಗೆ ಕುಳಿತಿತ್ತು.

ಅಷ್ಟೇ ಆಗಿದ್ದರೆ ಬೇರೆ ಮಾತು. ಉದ್ಯಾನ ಈ ಸಲ ರಸ್ತೆಯ ಈ ತುದಿಯಿಂದ ಕಾರ್ಖಾನೆಯ ಗೇಟಿನವರೆಗೂ ಹಬ್ಬಿ ನಿಂತಿತ್ತು. ಗೇಟಿನ ಮುಂದಿದ್ದವರೆಲ್ಲ ಒಳಗಿದ್ದರು. ನಲವತ್ತು ಹೆಂಗಸರು ಬುತ್ತಿ ಚೀಲ ಹಿಡಿದು ಮರಗಳ ನಡುವೆ ದಾರಿ ತಪ್ಪಿದವರ ಹಾಗೆ ಕಣ್ಣು ಬಿಡುತ್ತ ನಿಂತಿದ್ದರು. ಮೊದಲು ನಕ್ಕವರು ಲೋಕಮ್ಮ. ಬಾಯಿ ಅಗಲ ತೆರೆದು, ಹೊಟ್ಟೆ ಹಿಡಿದುಕೊಂಡು, ಒಂದಿಷ್ಟೂ ಸದ್ದಿಲ್ಲದೆ. ನಗು ಒಬ್ಬರಿಂದ ಒಬ್ಬರಿಗೆ ಹರಡಿತು. ದಿನವಿಡೀ ಬೆಲ್ಲಿನ ಮೇಲೆ ಕೂಗಿ ಮಾತಾಡಿ ಗಂಟಲು ಒರಟಾದ ನಲವತ್ತು ಜನ, ಬಿಸಿಲಲ್ಲಿ ಒಬ್ಬರ ಹೆಗಲಿಗೊಬ್ಬರು ಬಿದ್ದು ನಗುತ್ತಿದ್ದರು. ಬರೀ ಹಲ್ಲು, ಕಣ್ಣೀರು, ಅಲ್ಲಾಡುವ ಭುಜ. ಮೌನವೆಂದರೆ ಒಂಟಿಯಾಗಿ ಕೂರುವ ಜಾಗ ಎಂದುಕೊಂಡಿದ್ದವನಿಗೆ ಅದು ಇಷ್ಟೊಂದು ಜನರನ್ನು ಹಿಡಿಸುತ್ತದೆಂದು ಗೊತ್ತಿರಲಿಲ್ಲ.

ವರದರಾಜು ಅವರು ಮೊದಲು ಕೈ ಬೀಸಿ ಏನೇನೋ ಆಜ್ಞೆ ಮಾಡಿದರು. ಯಾರಿಗೂ ಕೇಳಲಿಲ್ಲ, ಅವರಿಗೂ ಕೇಳಲಿಲ್ಲ. ಕೈಗಡಿಯಾರವನ್ನು ಕಿವಿಗೆ ಹಿಡಿದು ನೋಡಿದರು. ಅಲ್ಲಾಡಿಸಿದರು. ಆಮೇಲೆ ಒಂದು ಬೆಂಚಿನ ಮೇಲೆ ಕುಳಿತು, ಅತ್ತಿತ್ತ ನೋಡಿ, ಬೂಟು ಬಿಚ್ಚಿದರು. ಕಾಲುಚೀಲವನ್ನೂ ಬಿಚ್ಚಿ ಬಿಳಿಚಿಕೊಂಡ ಪಾದಗಳನ್ನು ಹುಲ್ಲಿನ ಮೇಲಿಟ್ಟರು. ದಸ್ತಗೀರ್ ಸಾಬರು ಲಾಠಿಯನ್ನು ತಲೆದಿಂಬು ಮಾಡಿಕೊಂಡು ಮಲಗಿಯೇಬಿಟ್ಟರು.

ಚಿಕ್ಕತಾಯಮ್ಮ ಯಾರ ಕಡೆಗೂ ನೋಡಲಿಲ್ಲ. ತೊಟ್ಟಿಯ ಕಟ್ಟೆಯ ಮೇಲೆ ಕುಳಿತು, ಕಾಲು ಬಿಸಿಲಿಗೆ ಚಾಚಿ, ಕಣ್ಣು ಮುಚ್ಚಿದರು. ಅವರ ಹಣೆಯಲ್ಲಿ ಯಾವಾಗಲೂ ಇರುತ್ತಿದ್ದ ಗೆರೆಗಳು, ನಾನು ಅವರ ಮುಖದ್ದೇ ಆಕಾರವೆಂದು ಭಾವಿಸಿದ್ದ ಗೆರೆಗಳು, ಒಂದೊಂದಾಗಿ ಅಳಿಸಿಹೋದವು. ಆರು ವರ್ಷದಿಂದ ನಿದ್ದೆಯಲ್ಲೂ ನಿಲ್ಲದ ಬೆಲ್ಲು ನಿಂತ ಮುಖ ಹೀಗಿರುತ್ತದೆ. ಈ ಅರ್ಧ ಗಂಟೆಯನ್ನು ನಾನು ಸುಳ್ಳು ಎಂದು ಬರೆದಿದ್ದೆ.

ನಾನೂ ಹುಲ್ಲಲ್ಲಿ ಕುಳಿತೆ. ಸಂತೋಷವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ, ಸುಳ್ಳು ಸಾಕಾಗಿತ್ತು. ಮೈತುಂಬ ಸಂತೋಷವಾಯಿತು. ಅದರ ನಡುವೆ ಆ ಅರ್ಧ ವಾಕ್ಯ ಮಾತ್ರ ಬಾಯಲ್ಲಿ ಗೋಟಡಿಕೆಯ ಹಾಗೆ ಉಳಿದುಕೊಂಡಿತ್ತು. ಕರಗಲಿಲ್ಲ. ಯಾವ ಮೌನವೂ ಅದನ್ನು ಕರಗಿಸುವುದಿಲ್ಲವೆಂದು ಅಲ್ಲಿ ಕುಳಿತಾಗ ತಿಳಿಯಿತು. ಏಳುವ ಮುಂಚೆ ಒಂದು ಎಲೆ ಆಯ್ದುಕೊಂಡೆ. ನನ್ನ ಮೊದಲನೆಯ ಎಲೆ.

ಮರ ಮುಗಿದಾಗ ಗೇಟು ಎದುರಿಗಿತ್ತು. ಕಾಗೆ, ಹಾರ್ನು, ಎಲ್ಲೋ ಒಂದು ರೇಡಿಯೋ ಒಟ್ಟಿಗೆ ಕಿವಿಗೆ ಬಡಿದವು. ಗಡಿಯಾರದಲ್ಲಿ ಒಂಬತ್ತಕ್ಕೆ ಮೂರು ನಿಮಿಷ.

"ಯಾ ಅಲ್ಲಾ, ಸೈರನ್ನು!" ಎಂದು ದಸ್ತಗೀರ್ ಸಾಬರು ಎದೆ ಬಡಿದುಕೊಂಡರು. "ಒತ್ತೋನು ನಾನೇ ಅಲ್ವಾ! ಸಾರ್, ಸೈರನ್ನೇ ಆಗಿಲ್ಲ ಅಂದ್ರೆ ಯಾರಿಗೂ ತಡ ಆಗಿಲ್ಲ ಅಂತಾನಾ?"

"ಬಾಯ್ಮುಚ್ಚಿ ಹೋಗಿ ಒತ್ತಯ್ಯ" ಎಂದರು ವರದರಾಜು. ಬೂಟು ಇನ್ನೂ ಕೈಯಲ್ಲೇ ಇತ್ತು. ಅವರು ಚಿಕ್ಕತಾಯಮ್ಮನ ಕಡೆ ತಿರುಗಿದರು. ಹೆಂಗಸರೆಲ್ಲ ಕಾಯುತ್ತಿದ್ದರು. "ಸರಿಯಮ್ಮ" ಎಂದರು ಕೊನೆಗೆ, "ಕೆಲಸ ನಿಮ್ಮದು. ಮಾತು ಕೊಟ್ಟಿದ್ದೆ." ಗೇಟಿನ ಮುಂದೆ ಎದ್ದ ಕೇಕೆಗೆ ಎದುರಿನ ಮರದ ಪಾರಿವಾಳಗಳು ಹಾರಿಹೋದವು. ಲೋಕಮ್ಮ ಚಿಕ್ಕತಾಯಮ್ಮನನ್ನು ಸೊಂಟ ಹಿಡಿದು ಎತ್ತಲು ನೋಡಿ, ಆಗದೆ, ಇಬ್ಬರೂ ಬೀಳುವಂತಾದರು. "ನಾಳೆಯಿಂದ ನಿಂಜೊತೇಲೇ ನಡ್ಕಂಡು ಬರ್ತೀನಿ ಕಣೇ, ನನ್ ಮನೇನೂ ಆ ಕಡೆ ಅಂತ ತಿಳ್ಕೋ" ಎಂದರು.

ನಿಯಮ ನಿಯಮವೇ. ನಲವತ್ತು ಜನ ಎಲೆ ಹಿಡಿದು ನನ್ನ ಮೇಜಿನ ಮುಂದೆ ಸಾಲು ನಿಂತರು. ಮ್ಯಾನೇಜರರಿಗೂ ತಡವಾಗಿತ್ತು, ಅವರೂ ಸಾಲಿನಲ್ಲಿ ಬಂದರು. ಅವರ ಎಲೆಯನ್ನು ಕಿವಿಗಿಟ್ಟಾಗ ಫಲಿತಾಂಶ ಕಾಯುವ ವಿದ್ಯಾರ್ಥಿಯ ಹಾಗೆ ನನ್ನನ್ನೇ ನೋಡುತ್ತಿದ್ದರು. "ನಿಜ" ಎಂದೆ. ಉಸಿರು ಬಿಟ್ಟರು. ಬರೆಸಿಕೊಂಡವರು ಒಬ್ಬೊಬ್ಬರಾಗಿ ಒಳಗೆ ಹೋಗಿ ಕೆಲಸಕ್ಕೆ ಕುಳಿತರು. ಹತ್ತು ಬೆಲ್ಲು, ಇಪ್ಪತ್ತು ಬೆಲ್ಲು. ಗದ್ದಲ ಎಂದಿನಂತೆ ತುಂಬತೊಡಗಿತು. ಸಾಲಿನ ಕೊನೆಯವರು ಚಿಕ್ಕತಾಯಮ್ಮ.

"ನಿಜ" ಎಂದು ಬರೆದೆ.

"ನಿನ್ನೇದೊಂದು ಉಳೀತಲ್ಲ" ಎಂದರು ಪಕ್ಕದಲ್ಲೇ ನಿಂತಿದ್ದ ಮ್ಯಾನೇಜರರು, ಉದಾರವಾಗಿ. "ಹೋಗಲಿ ಬಿಡಿ. ಒಂದು ಸುಳ್ಳು ಎಲೆ ಕ್ಷಮಿಸಿದೀನಿ."

ಚಿಕ್ಕತಾಯಮ್ಮನ ಮುಖ ಕೆಂಪಾಯಿತು. "ಕ್ಷಮ್ಸೋದಾ? ನಾನ್ ಸುಳ್ಳು ತಂದಿಲ್ಲ ಸಾಮಿ! ಇವರ ಕಿವಿ" ಎಂದವರು ನನ್ನ ಕಡೆ ತಿರುಗಿದರು. "ಅಲ್ಲಾ ಸಾರ್, ಅದೇನೋ ಹೇಳ್ತಾ ಇದ್ರಲ್ಲ ಆಗ. ಪಾರ್ಕು ಬಂದ್ಬುಡ್ತು. ಬರೀ ಬಾಯಾಡ್ತು."

"ಎಲೆ ನಿಜವಾಗಿತ್ತು" ಎಂದೆ. "ಸುಳ್ಳು ಹೇಳಿದ್ದು ನಾನು."

"ಆಂ? ಕೇಳಿಸ್ಲಿಲ್ಲ. ಬೆಲ್ಲು."

ಇನ್ನೊಮ್ಮೆ ಹೇಳಿದೆ. ಅವರು ಕಿವಿಯ ಹಿಂದೆ ಕೈಯಿಟ್ಟು ತಲೆಯಾಡಿಸಿದರು. ನಾನು ಜೋರಾಗಿ ಮಾತಾಡಿದವನಲ್ಲ. ತರಗತಿಯಲ್ಲಿ ಹಾಜರಿ ಕೂಗಿದಾಗಲೂ ಮೇಷ್ಟ್ರು ಎರಡು ಸಲ ನನ್ನ ಹೆಸರು ಕರೆಯಬೇಕಾಗುತ್ತಿತ್ತು. ಎದ್ದು ನಿಂತೆ. ಕುರ್ಚಿ ಹಿಂದಕ್ಕೆ ಬಿತ್ತು. ಎದೆಯಲ್ಲಿದ್ದ ಗಾಳಿಯನ್ನೆಲ್ಲ ಒಟ್ಟುಮಾಡಿ ಕೂಗಿದೆ:

"ನಿಮ್ಮ ಎಲೆ ನಿಜ! ಹತ್ತೂ ನಿಜ! ನನಗೆ ಹೊಟ್ಟೆಕಿಚ್ಚು! ಸುಳ್ಳು ಹೇಳಿದ್ದು ನಾನು!"

ನನಗೆ ಅಂಥದೊಂದು ಧ್ವನಿಯಿದೆಯೆಂದು ನನಗೇ ಗೊತ್ತಿರಲಿಲ್ಲ. ಗೋಡೆಯಾಚೆ ಬೆಲ್ಲುಗಳು ತಡವರಿಸಿದವು. ಬಾಗಿಲಲ್ಲಿ ತಲೆಗಳು ಕಾಣಿಸಿಕೊಂಡವು. "ಥೂ ನಿನ್ನ ಓದಿಗಿಷ್ಟು!" ಎಂದು ಲೋಕಮ್ಮ ಅಲ್ಲಿಂದಲೇ ಉಗಿದರು. ಯಾರೋ ನಕ್ಕರು. ವರದರಾಜು ಅವರು ಬಿದ್ದ ಕುರ್ಚಿಯನ್ನು ತೋರಿಸಿ, "ಇವತ್ತಿಂದ ಇದರ ಮೇಲೆ ಕೂರಬೇಡ್ರೀ ನೀವು. ಒಳಗೆ ಹೋಗಿ ಬೆಲ್ಲು ಬಾರಿಸಿ" ಎಂದರು. ಆಗಲಿ ಎಂದೆ. ಅಷ್ಟು ಹಗುರವಾಗಿ ನಾನು ಹಿಂದೆಂದೂ ಒಂದು ಮಾತಿಗೆ ಒಪ್ಪಿರಲಿಲ್ಲ.

ಚಿಕ್ಕತಾಯಮ್ಮ ಮೇಜಿನ ಮೇಲೆ ಎರಡೂ ಕೈಯೂರಿದರು. ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನನ್ ಅನ್ನಕ್ಕೆ ಮಣ್ಣು ಹಾಕ್ತಿದ್ರಲ್ಲ" ಎಂದರು. ಅವರು ಪುಸ್ತಕವನ್ನು ತಮ್ಮ ಕಡೆಗೆ ಎಳೆದು, ನಿನ್ನೆಯ ಪುಟ ಹುಡುಕಿ, ತಮ್ಮ ಹೆಸರಿನ ಮುಂದೆ ಬೆರಳಿಟ್ಟು ಒತ್ತಿದರು.

"ಬರೀರಿ."

ನಾನು 'ಸುಳ್ಳು' ಎಂಬುದನ್ನು ಹೊಡೆದುಹಾಕಿ ಪಕ್ಕದಲ್ಲಿ 'ನಿಜ' ಎಂದು ಬರೆದೆ. ಅವರು ಬಗ್ಗಿ, ಒಂದೊಂದೇ ಅಕ್ಷರ ಕೂಡಿಸಿ ಓದಿದರು. ತೃಪ್ತಿಯಾದಂತೆ ಕಾಣಲಿಲ್ಲ.

"ಇನ್ನೂ ದಪ್ಪಗೆ" ಎಂದರು.